ಬಸಿದ ನೀರು

ನಮ್ಮ ಮನೆಯಲ್ಲಿ ಬಸ್ಸಾರು ಅಂದರೆ ಅಮ್ಮನ ಕೈಯದೇ ಆಗಬೇಕು. ದಂಟಿನ ಸೊಪ್ಪು, ತೊಗರಿಬೇಳೆ ಬೇಯಿಸಿ ಕಟ್ಟು ಬಸಿಯುತ್ತಾಳೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು ರುಬ್ಬಿದ ಖಾರವನ್ನು ಆ ಕಟ್ಟಿಗೆ ಹಾಕಿ ಕುದಿಸುತ್ತಾಳೆ. "ಸೊಪ್ಪಿನ ಸತ್ವ ಎಲ್ಲಾ ಕಟ್ಟಿನಲ್ಲೇ ಇರೋದು ಕಣಮ್ಮಾ, ಒಂದು ತೊಟ್ಟೂ ಚೆಲ್ಲಬಾರದು." ಶ್ರೀನಿವಾಸಪುರದ ಹತ್ತಿರದ ನಮ್ಮೂರಲ್ಲಿ ಈ ಮಾತು ಕೇಳಿಕೊಂಡೇ ಬೆಳೆದವಳು ನಾನು.

ನನ್ನ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷವಾಯಿತು. ಈಗ ಕೋಲಾರದಲ್ಲಿ ವಾರಕ್ಕೆ 3 ದಿನ, ಪ್ರತಿ ಸಲ 4 ಗಂಟೆ ಡಯಾಲಿಸಿಸ್. ಮೊದಲ ವಾರವೇ ಡಯಟಿಷಿಯನ್ ಮೇಡಂ ಹೇಳಿದರು: ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿಬಿಡಿ. ತರಕಾರಿಯಲ್ಲಿರುವ ಪೊಟ್ಯಾಸಿಯಂ ಅನ್ನುವ ಲವಣ ನೀರಿಗೆ ಇಳಿಯುತ್ತದೆ; ಕಿಡ್ನಿ ಕೆಟ್ಟವರ ರಕ್ತದಲ್ಲಿ ಅದು ಜಾಸ್ತಿಯಾದರೆ ಹೃದಯಕ್ಕೇ ಅಪಾಯ. ಅಮ್ಮ ಪಕ್ಕದಲ್ಲೇ ಕೂತಿದ್ದಳು. ಹೊರಗೆ ಬಂದ ಮೇಲೆ, "ಆಯಮ್ಮ ಇನ್ನೂ ಚಿಕ್ಕೋಳು, ಮನೇಲಿ ಅಡುಗೆ ಮಾಡ್ತಾಳೋ ಇಲ್ವೋ" ಅಂದಳು.

ಅಮ್ಮ ಹಾಗಂದಿದ್ದಕ್ಕೂ ಕಾರಣವಿದೆ. ನಮ್ಮ ಮಾವನಿಗೆ ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಬಾಳೆದಿಂಡಿನ ರಸ, ಎಳನೀರು, ಬಿಂದಿಗೆ ಬಿಂದಿಗೆ ನೀರು ಅಂತ ಅಮ್ಮನೇ ಮುಂದೆ ನಿಂತು ನೋಡಿಕೊಂಡಳು. ಮಾವ ಹುಷಾರಾದರು. ಅವಳ ಪಾಲಿಗೆ ಕಿಡ್ನಿ ಕಾಯಿಲೆ ಅಂದರೆ ಅದೇ. ಕಲ್ಲಿದ್ದರೂ ಮಾವನ ಕಿಡ್ನಿ ಕೆಲಸ ಮಾಡುತ್ತಿತ್ತು, ಕುಡಿದ ನೀರನ್ನು ಹೊರಗೆ ಹಾಕುತ್ತಿತ್ತು. ನನ್ನ ಕಿಡ್ನಿಗೆ ಆ ಶಕ್ತಿ ಇಲ್ಲ. ಕುಡಿದದ್ದು ಕಾಲಿಗಿಳಿಯುತ್ತದೆ, ಎದೆಗೆ ತುಂಬಿ ಉಸಿರು ಕಟ್ಟುತ್ತದೆ. ಕಾಫಿ, ಸಾರು, ಮಾತ್ರೆ ನುಂಗುವ ನೀರು ಎಲ್ಲಾ ಸೇರಿ ನನಗೆ ದಿನಕ್ಕೆ 1 ಲೀಟರ್ ಲೆಕ್ಕ. ಈ ವ್ಯತ್ಯಾಸವನ್ನು ಅಮ್ಮನಿಗೆ ಕೂರಿಸಿಕೊಂಡು ಹೇಳಿದವರು ಯಾರೂ ಇರಲಿಲ್ಲ. ನಾನೂ ಹೇಳಿರಲಿಲ್ಲ.

ಏಪ್ರಿಲ್‌ನ ಒಂದು ಭಾನುವಾರ. ಶುಕ್ರವಾರ ಡಯಾಲಿಸಿಸ್ ಆದರೆ ಮುಂದಿನದು ಸೋಮವಾರವೇ. ನಮ್ಮಂಥವರಿಗೆ ವಾರದಲ್ಲಿ ತುಂಬಾ ಎಚ್ಚರ ಬೇಕಾದ ದಿನ ಅದು. ಅಮ್ಮ ಊರಿಂದ ಬಸ್ಸಿನಲ್ಲಿ ಚೀಲ ಹೊತ್ತು ಬಂದಳು. ಆರು ಎಳನೀರು. "ಮೈಯಲ್ಲಿ ಉಷ್ಣ ಜಾಸ್ತಿ ಆಗಿದೆ, ಅದಕ್ಕೇ ನಿನಗೆ ಈ ಸುಸ್ತು. ಕುಡಿ." ಎಳನೀರಿನಲ್ಲಿ ಪೊಟ್ಯಾಸಿಯಂ ಎಷ್ಟಿರುತ್ತದೆ ಅಂತ ನನಗೆ ಗೊತ್ತಿತ್ತು. ಆದರೆ ಬಿಸಿಲಲ್ಲಿ ಬಂದವಳ ಸೆರಗು ಬೆವರಿಗೆ ಒದ್ದೆಯಾಗಿತ್ತು. ಎರಡು ಕುಡಿದೆ. ರಾತ್ರಿ ಬಸ್ಸಾರನ್ನೂ ಕಲಸಿಕೊಂಡು ಉಂಡೆ.

ಮಧ್ಯರಾತ್ರಿ ಬಾತ್‌ರೂಮಿಗೆ ಹೋಗೋಣ ಅಂದರೆ ಕಾಲು ಎತ್ತಲು ಆಗಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ಪೊಟ್ಯಾಸಿಯಂ 6.8. ಇರಬೇಕಾದದ್ದು 3.5ರಿಂದ 5. ಇಸಿಜಿಯಲ್ಲಿ ಹೃದಯದ ಗೆರೆ ಆಗಲೇ ಬದಲಾಗಿತ್ತು. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು, ಇನ್ಸುಲಿನ್ ಜೊತೆ ಗ್ಲೂಕೋಸ್ ಹಾಕಿದರು, ಆಮೇಲೆ ಆ ರಾತ್ರಿಯೇ ಡಯಾಲಿಸಿಸ್. "ಏನು ತಿಂದಿರಿ?" ಅಂತ ಡಾಕ್ಟರು ನನ್ನನ್ನು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಹೇಳಿದಳು, "ನಾನೇ ಕೊಟ್ಟೆ ಸಾರ್."

ಯಾರೂ ಅವಳನ್ನು ಬೈಯಲಿಲ್ಲ. ಆದರೂ ಎರಡು ವಾರ ಅಮ್ಮ ನಮ್ಮ ಅಡುಗೆಮನೆಗೆ ಕಾಲಿಡಲಿಲ್ಲ. ಹಾಲ್‌ನ ಮೂಲೆಯಲ್ಲಿ ಕೂತು, ನಾನು ಊಟ ಮಾಡುವಾಗ ಬೇರೆ ಕಡೆ ನೋಡುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಸಂಜೆ ಡಯಟ್ ಚೀಟಿ ತೆಗೆದು ಓದಿ ಹೇಳಿದೆ. ಆಗ ನನಗೇ ಗೊತ್ತಾಯಿತು, ಅಷ್ಟು ದಿನ ನಾವು ಅಮ್ಮನಿಗೆ "ಬೇಡ" ಅನ್ನುವುದನ್ನು ಮಾತ್ರ ಹೇಳಿದ್ದೆವು. ಶ್ರೀನಿವಾಸಪುರದ ಮಾವು, ಕೋಲಾರದ ಟೊಮೆಟೊ, ರಾಗಿ, ಸೊಪ್ಪು, ಎಳನೀರು. ನಮ್ಮ ಸೀಮೆಯಲ್ಲಿ ಬೆಳೆಯುವುದೆಲ್ಲ, ಅವಳು ಜೀವನವಿಡೀ ಬೇಯಿಸಿ ಬಡಿಸಿದ್ದೆಲ್ಲ ಆ "ಬೇಡ" ಅನ್ನುವ ಪಟ್ಟಿಯಲ್ಲೇ ಇತ್ತು. ತಿನ್ನಬಹುದಾದದ್ದನ್ನು ಓದಿದೆ: ಸೋರೆಕಾಯಿ, ಹೀರೆಕಾಯಿ, ಸೇಬು, ಅನ್ನ, ಮೊಟ್ಟೆಯ ಬಿಳಿ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಸ್ವಲ್ಪ ಹೊರಟುಹೋಗುತ್ತದೆ, ಅದಕ್ಕೇ ಮೊಟ್ಟೆಯ ಬಿಳಿ ಜಾಸ್ತಿ ತಿನ್ನಲು ಹೇಳಿದ್ದಾರೆ ಅಂದೆ. "ಜಾಸ್ತಿ ತಿನ್ನಬಹುದಾ?" ಅಂತ ಎರಡು ಸಲ ಕೇಳಿದಳು. ಪಥ್ಯ ಅಂದರೆ ಕಡಿಮೆ ತಿನ್ನುವುದು ಅಂತಲೇ ತಿಳಿದಿದ್ದವಳು ಅವಳು.

(ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇರುವ ಮನೆಯವರಿಗೆ ಇನ್ನೊಂದು ಮಾತು. ಬಿಪಿಗೆ ಒಳ್ಳೆಯದು ಅಂತ ನನ್ನ ತಮ್ಮ ಕಡಿಮೆ ಸೋಡಿಯಂ ಉಪ್ಪು ತಂದಿದ್ದ. ಅಂಥ ಉಪ್ಪಿನಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಪ್ಯಾಕೆಟ್ ಹಿಂದೆ ಓದಿ, ಡಾಕ್ಟರನ್ನು ಕೇಳದೆ ಬಳಸಬೇಡಿ.)

ಹೋದ ಭಾನುವಾರ ಅಮ್ಮ ಮತ್ತೆ ಒಲೆಯ ಮುಂದೆ ನಿಂತಳು. ಬಸ್ಸಾರೇ ಮಾಡಿದಳು. ಕಟ್ಟಿನ ಸಾರು ಮಕ್ಕಳಿಗೆ, ಅಳಿಯನಿಗೆ, ಮುದ್ದೆ ಜೊತೆ. ಬಸಿದ ಸೊಪ್ಪಿನ ಪಲ್ಯ ನನಗೆ, ಡಯಟಿಷಿಯನ್ ಹೇಳಿದ ಅಳತೆಯಲ್ಲಿ, ಅನ್ನದ ಜೊತೆ. ನನ್ನ ಪಾಲಿನ ಸೊಪ್ಪನ್ನು ಒಗ್ಗರಣೆಗೆ ಹಾಕುವ ಮೊದಲು ಅಂಗೈಯಲ್ಲಿಟ್ಟು ಒಂದು ಸಲ ಹಿಂಡಿದಳು. ನನ್ನ ಮುಖ ನೋಡಿ ಇನ್ನೊಂದು ಸಲ ಹಿಂಡಿದಳು.