ಎರಡು ಮುಂಗಡಗಳ ನಡುವಿನ ಮೂರು ವಾರ

ಮೈಸೂರಿನ ಸರಸ್ವತಿಪುರಂನ ಹಂಚಿಕೊಂಡ ಮನೆಯನ್ನು ಬಿಟ್ಟು ಕುವೆಂಪುನಗರದಲ್ಲಿ ಒಬ್ಬಳೇ ಇರಲು ತೀರ್ಮಾನಿಸಿದಾಗ, ಬಾಡಿಗೆಯ 9,000 ರೂಪಾಯಿಯನ್ನು ಸಂಬಳದಲ್ಲಿ ಹೊಂದಿಸುವುದೇ ದೊಡ್ಡ ಲೆಕ್ಕವೆಂದು ನಾನು ಭಾವಿಸಿದ್ದೆ. ನಿಜವಾದ ಇಕ್ಕಟ್ಟು ಮುಂಗಡದ್ದು. ಹೊಸ ಮಾಲೀಕರು ಕೀಲಿ ಕೊಡುವ ಮೊದಲೇ 60,000 ರೂಪಾಯಿ ಕೇಳಿದರು. ಹಳೆಯ ಮನೆಯ ಮುಂಗಡದಲ್ಲಿ ನನ್ನ ಪಾಲಾದರೋ ಮನೆ ಖಾಲಿಯಾದ ಮೇಲೆ, ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಂಡು ಬರುವಂಥದ್ದು. ಗೋಡೆಯಲ್ಲಿ ನಾನು ಹೊಡೆದದ್ದು ಕ್ಯಾಲೆಂಡರಿನ ಒಂದೇ ಮೊಳೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಆಷಾಢದಲ್ಲಿ ಹಾಲುಕ್ಕಿಸುವುದು ಬೇಡವೆಂದು ಅಮ್ಮ ಪಟ್ಟು ಹಿಡಿದದ್ದರಿಂದ ಮೂರು ವಾರ ಸಿಕ್ಕಿತು. ಆ ಅವಧಿಯಲ್ಲಿ ತಿಂಗಳು ತಿಂಗಳು ಕಟ್ಟುವ ಬ್ಯಾಂಕ್ ಠೇವಣಿ ಆರ್‌ಡಿಯನ್ನು ಮುರಿಯದೆ, ಒಂದು ಚೀಟಿಯ ಹಣವನ್ನೂ ಸಂಬಳದ ಉಳಿಕೆಯನ್ನೂ ಸೇರಿಸಿ ಮೊತ್ತವನ್ನು ಹೊಂದಿಸಿದೆ. ಕ್ರೆಡಿಟ್ ಕಾರ್ಡನ್ನು ಮುಟ್ಟಲಿಲ್ಲ.

ಕರಾರು ಪತ್ರ 11 ತಿಂಗಳದ್ದು; ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲರೂ ಇದೇ ದಾರಿ ಹಿಡಿಯುತ್ತಾರೆ. ಸಹಿ ಹಾಕುವ ಮೊದಲು ವಿದ್ಯುತ್ ಕಂಪನಿ ಚೆಸ್ಕಾಂನ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯಿಂದ, ಅಂದರೆ ಮನೆಯ ವಿದ್ಯುತ್ ಸಂಪರ್ಕದ ಸಂಖ್ಯೆಯಿಂದ, ಹಳೆಯ ಬಾಕಿಯನ್ನು ನೋಡಿದೆ: 1,140 ರೂಪಾಯಿ. ಅದನ್ನು ತೀರಿಸುವ ಹೊಣೆ ಮಾಲೀಕರದೆಂದು ಕರಾರಿನಲ್ಲೇ ಬರೆಸಿದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಜೋಡಣೆಯನ್ನೂ ಹೊಸ ಮನೆಯ ಮೀಟರಿಗೆ ಬದಲಾಯಿಸಬೇಕಿದೆ.

ಸಾಮಾನಿನ ಆಟೋದವರು 1,500 ಕೇಳಿ, ಬೀರುವನ್ನು ಕಂಡ ಮೇಲೆ 1,800 ಎಂದರು. ಕೊಟ್ಟೆ.