ಇಷ್ಟು ಚಿಕ್ಕ ಮಕ್ಕಳಿಗೆ ಹ್ಯಾಲೋವೀನ್ ಏಕೆ?

ಅಕ್ಟೋಬರ್ ಬಂತೆಂದರೆ ಎರಡು ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಹ್ಯಾಲೋವೀನ್ ಎಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಇಲ್ಲಿನ ಹಬ್ಬ. ಊರಿನಿಂದ ಅತ್ತೆ ಫೋನ್ ಮಾಡಿ, "ಆ ದೆವ್ವದ ಹಬ್ಬ ನಮಗೇಕೆ? ಮಕ್ಕಳು ರಾತ್ರಿ ಬೆಚ್ಚಿಬೀಳುವುದಿಲ್ಲವೇ?" ಎನ್ನುತ್ತಾರೆ. ನಾವಿರುವ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಹೊಸದಾಗಿ ಬಂದಿರುವ ಕನ್ನಡದ ತಾಯಂದಿರು ಅದನ್ನೇ ಸ್ವಲ್ಪ ಅಳುಕಿನಿಂದ ಕೇಳುತ್ತಾರೆ. ನನ್ನ ಮಕ್ಕಳಿಗೆ ಮೂರು ಮತ್ತು ಐದು ವರ್ಷ. ನನ್ನ ಉತ್ತರ ಇಷ್ಟೇ: ಕತ್ತಲಲ್ಲಿ ಬೀದಿಗೆ ಕರೆದುಕೊಂಡು ಹೋದರೆ ಖಂಡಿತ ಹೆದರುತ್ತಾರೆ. ಆದ್ದರಿಂದ ನಮ್ಮ ಮನೆಯಲ್ಲಿ ಹ್ಯಾಲೋವೀನ್ ಹಗಲಿನ ಹಬ್ಬ, ಬಹುಮಟ್ಟಿಗೆ ಮನೆಯೊಳಗಿನ ಹಬ್ಬ.

"ನಮಗೇಕೆ" ಎಂಬ ಭಾಗವನ್ನು ಬೇಗ ಮುಗಿಸುತ್ತೇನೆ. ನಾನು ಬೆಳೆದದ್ದು ಮಂಗಳೂರಿನ ಕಡೆ. ನವರಾತ್ರಿಯಲ್ಲಿ ತಾಸೆಯ ಸದ್ದಿನೊಂದಿಗೆ ಹುಲಿವೇಷದವರು ಅಂಗಳಕ್ಕೆ ಬಂದರೆ ಅಜ್ಜಿಯ ಸೆರಗಿನ ಮರೆಯಿಂದ ನೋಡಿದವಳು ನಾನು. ವೇಷ ಹಾಕಿಕೊಂಡು ಮನೆಮನೆಗೆ ಹೋಗುವುದು, ಬಾಗಿಲಿಗೆ ಬಂದವರಿಗೆ ಏನಾದರೂ ಕೊಟ್ಟು ಕಳಿಸುವುದು ನಮಗೆ ಹೊಸತಲ್ಲ. ಇಲ್ಲಿನ ಹಬ್ಬದ ಬೇರು ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನ ಸೌಯಿನ್ ಎಂಬ ಹಳೆಯ ಆಚರಣೆ, ನವೆಂಬರ್ 1ರ ಕ್ರೈಸ್ತ ಸಂತರ ದಿನದೊಂದಿಗೆ ಬೆರೆತುಹೋಯಿತು. ಅಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಬಂದವರಿಗೆ ಅದಕ್ಕಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಕುಂಬಳಕಾಯಿ ಸಿಕ್ಕಿತು. ನಮ್ಮವರಿಗೆ ನವೆಂಬರ್ 1 ರಾಜ್ಯೋತ್ಸವವೂ ಹೌದಾದ್ದರಿಂದ ಬಾಗಿಲ ಬಳಿಯ ಕುಂಬಳಕಾಯಿಯ ಪಕ್ಕದಲ್ಲೇ ಅರಿಸಿನ ಕುಂಕುಮ ಬಣ್ಣದ ಬಾವುಟ ಬಂದು ನಿಲ್ಲುತ್ತದೆ. ಎರಡಕ್ಕೂ ಜಗಳವಿಲ್ಲ.

ನಮ್ಮಲ್ಲಿ ತಯಾರಿ ಎಲೆಗಳಿಂದ ಶುರುವಾಗುತ್ತದೆ. ಇಲ್ಲಿ ಅಕ್ಟೋಬರ್ ನಡುವಿನ ಹೊತ್ತಿಗೆ ಮೇಪಲ್ ಮರಗಳು ಕೆಂಪಾಗುತ್ತವೆ. ಹಸಿರು ಬಣ್ಣದ ಕ್ಲೋರೋಫಿಲ್ ಕರಗಿದಾಗ, ಮೊದಲಿನಿಂದಲೂ ಎಲೆಯೊಳಗೇ ಇದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪು ಮಾತ್ರ ಆಗಲೇ ಹೊಸದಾಗಿ ತಯಾರಾಗುವ ಬಣ್ಣ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಎರಡೂ ಕೂಡಿ ಬಂದ ವರ್ಷ ಅದು ಹೆಚ್ಚು ಉಜ್ವಲ. "ಹಳದಿ ಬಚ್ಚಿಟ್ಟುಕೊಂಡಿತ್ತು" ಎಂದು ಹೇಳಿದಾಗಿನಿಂದ ದೊಡ್ಡವನು ಪ್ರತಿ ಹಸಿರು ಎಲೆಯನ್ನೂ ಅನುಮಾನದಿಂದ ನೋಡುತ್ತಾನೆ. ಬಣ್ಣದ ಪ್ರಕಾರ ಎಲೆ ವಿಂಗಡಿಸುವುದು, ಹಳೆಯ ದಪ್ಪ ಪುಸ್ತಕದೊಳಗೆ ಒತ್ತಿಡುವುದು, ಕಾಗದದ ಕೆಳಗಿಟ್ಟು ಮೇಲೆ ಕ್ರೇಯಾನ್ ಉಜ್ಜಿ ನರಗಳನ್ನು ಮೂಡಿಸುವುದು, ಇವಿಷ್ಟರಲ್ಲಿ ಒಂದು ಮಧ್ಯಾಹ್ನ ಸಾಗುತ್ತದೆ.

ಎಲೆಗಳ ರಾಶಿಯ ಮೇಲೆ ಹಾರುವ ಆಟದ ಬಗ್ಗೆ ಮಾತ್ರ ಹೊಸಬರಿಗೆ ಒಂದು ಎಚ್ಚರಿಕೆ. ಲೈಮ್ ಕಾಯಿಲೆಗೆ ಆ ಹೆಸರು ಬಂದದ್ದು ನಮ್ಮ ನೆರೆಯ ಕನೆಕ್ಟಿಕಟ್‌ನ ಲೈಮ್ ಎಂಬ ಪಟ್ಟಣದಿಂದ. ಅದನ್ನು ಹರಡುವ, ರಕ್ತ ಹೀರುವ ಉಣ್ಣೆ ಹುಳಗಳು (ಟಿಕ್) ಒದ್ದೆ ಎಲೆಯ ರಾಶಿಯಲ್ಲಿರುತ್ತವೆ, ಅಕ್ಟೋಬರ್‌ನಲ್ಲೂ ಚುರುಕಾಗಿಯೇ ಇರುತ್ತವೆ. ಆಟ ಮುಗಿದ ಮೇಲೆ ಸ್ನಾನ ಮಾಡಿಸುವಾಗ ಮಂಡಿಯ ಹಿಂದೆ, ಕಿವಿಯ ಹಿಂದೆ, ಕಂಕುಳು, ನೆತ್ತಿ ಎಲ್ಲವನ್ನೂ ನೋಡಬೇಕು. ಹ್ಯಾಲೋವೀನ್‌ನ ದೆವ್ವಕ್ಕಿಂತ ನನಗೆ ಈ ಉಣ್ಣೆಯ ಭಯವೇ ಜಾಸ್ತಿ.

ಇನ್ನು ಕುಂಬಳಕಾಯಿ. ಕೊರೆಯುವುದಕ್ಕೆಂದು ಮಾರುವ ದೊಡ್ಡ ಕಾಯಿ ನಾರು ನಾರು, ನೀರು ನೀರು, ಅಡುಗೆಗೆ ರುಚಿಯಿಲ್ಲ. ಅಡುಗೆಗಾದರೆ ಶುಗರ್ ಪಂಪ್ಕಿನ್ ಎಂದು ಕರೆಯುವ ಪುಟ್ಟ ಕಾಯಿ ತರಬೇಕು. ಅದು ನಮ್ಮ ಚೀನಿಕಾಯಿಯಂತೆಯೇ ಹುಳಿಗೂ ಗಾರಿಗೆಗೂ ಒಗ್ಗುತ್ತದೆ. ದೊಡ್ಡದರಲ್ಲಿ ಕೆಲಸ ಹಂಚಿಕೆ ಹೀಗೆ: ಚಾಕು ಅಪ್ಪನ ಕೈಯಲ್ಲಿ ಮಾತ್ರ, ಮುಖ ಬರೆಯುವ ಮಾರ್ಕರ್ ದೊಡ್ಡವನ ಕೈಯಲ್ಲಿ, ಒಳಗಿನ ತಿರುಳನ್ನು ಬಗೆದು ತೆಗೆಯುವುದು ಚಿಕ್ಕವಳ ಪಾಲು. ಅವಳಿಗೆ ಇಡೀ ಹಬ್ಬವೆಂದರೆ ಮೊಣಕೈವರೆಗೆ ಅಂಟಿಕೊಳ್ಳುವ ಆ ಲೋಳೆಯೇ. ಬೀಜಗಳನ್ನು ತೊಳೆದು, ಬಟ್ಟೆಯ ಮೇಲೆ ಆರಿಸಿ, ಎಣ್ಣೆ, ಉಪ್ಪು, ಚಿಟಿಕೆ ಖಾರದ ಪುಡಿ ಹಾಕಿ 175 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಇಪ್ಪತ್ತು ನಿಮಿಷ ಹುರಿದರೆ ಸಂಜೆಯ ಚಹಾಕ್ಕೆ ಜೊತೆಯಾಗುತ್ತದೆ. ಗಟ್ಟಿ ಸಿಪ್ಪೆಯ ಬೀಜವಾದ್ದರಿಂದ ಅದು ದೊಡ್ಡವರಿಗೆ ಮಾತ್ರ.

ಕೊರೆದ ಕಾಯಿ ಒಂದು ವಾರ ಉಳಿದರೆ ಪುಣ್ಯ. ಅಷ್ಟರಲ್ಲಿ ಬೂಸ್ಟು ಹಿಡಿಯುತ್ತದೆ, ಇಲ್ಲವೇ ಅಳಿಲು ಬಂದು ಮೂಗು ತಿಂದಿರುತ್ತದೆ. ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಕೊರೆಯಿರಿ. ತಿಂಗಳ ಮೊದಲಿಗೇ ಆಸೆಪಟ್ಟ ಮಕ್ಕಳಿಗೆ ಇಡೀ ಕಾಯಿಗೆ ಬಣ್ಣ ಬಳಿಯಲು ಬಿಡಿ, ಅದು ವಾರಗಟ್ಟಲೆ ಚೆನ್ನಾಗಿರುತ್ತದೆ. ಒಳಗೆ ಮೇಣದಬತ್ತಿ ಬೇಡ, ಬ್ಯಾಟರಿಯ ಪುಟ್ಟ ದೀಪ ಸಾಕು. ವೇಷದ ಬಟ್ಟೆಗಳಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ.

ಈಗ ಅತ್ತೆಯ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಮೂರು ವರ್ಷದ ಮಗುವಿಗೆ ಮುಖವಾಡ ಹಾಕಿಕೊಂಡವನು ಇನ್ನೂ ಅದೇ ಮನುಷ್ಯ ಎಂಬುದು ಅಷ್ಟು ಖಾತ್ರಿಯಿರುವುದಿಲ್ಲ. 1969ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞೆ ರೀಟಾ ಡಿವ್ರೀಸ್ ಅವರ ಪ್ರಯೋಗವೊಂದಿದೆ. ಮಕ್ಕಳ ಮುಂದೆಯೇ ಒಂದು ಸಾಧು ಬೆಕ್ಕಿಗೆ ನಾಯಿಯ ಮುಖವಾಡ ತೊಡಿಸಿದರು. ಮೂರು ವರ್ಷದ ಮಕ್ಕಳಲ್ಲಿ ಹಲವರು ಅದು ನಾಯಿಯೇ ಆಗಿಬಿಟ್ಟಿತೆಂದು ತಿಳಿದರು. ಆರು ವರ್ಷದವರಿಗೆ ಬೆಕ್ಕು ಬೆಕ್ಕೇ. ಅಂದರೆ ಚಿಕ್ಕವಳು ಅತ್ತರೆ ಅದು ಹಠವೂ ಅಲ್ಲ, ಪುಕ್ಕಲುತನವೂ ಅಲ್ಲ. ಇದಕ್ಕೆ ನನಗೆ ಹೊಳೆದ ಉಪಾಯ, ಎಲ್ಲ ವೇಷವನ್ನೂ ಹಾಡುಹಗಲಲ್ಲಿ, ಕನ್ನಡಿಯ ಮುಂದೆ, ಮಕ್ಕಳ ಕೈಯಿಂದಲೇ ಕಟ್ಟಿಸುವುದು. ಅಪ್ಪನ ಮುಖವಾಡವನ್ನು ಅವಳೇ ಹಾಕುತ್ತಾಳೆ, ಅವಳೇ ಕಿತ್ತು ಬಿಸಾಡುತ್ತಾಳೆ, ಮತ್ತೆ ಹಾಕುತ್ತಾಳೆ. ಮಕ್ಕಳಿಗೆ ಮಾತ್ರ ಮುಖವಾಡವಿಲ್ಲ, ಕೆನ್ನೆಗೆ ಬಣ್ಣವಷ್ಟೇ. ಕಣ್ಣು ಮರೆಯಾದರೆ ಮೆಟ್ಟಿಲು ಕಾಣುವುದಿಲ್ಲ. ವೇಷದ ಬಟ್ಟೆಯನ್ನು ಒಂದು ಅಳತೆ ದೊಡ್ಡದು ಕೊಳ್ಳಿ, ಒಳಗೆ ಸ್ವೆಟರ್ ಹಿಡಿಸಬೇಕು. ಇಲ್ಲವಾದರೆ ಹುಲಿಯ ಮೇಲೆ ಜಾಕೆಟ್ ಹಾಕಬೇಕಾಗುತ್ತದೆ. ಅದಕ್ಕೆ ಯಾವ ಹುಲಿಯೂ ಒಪ್ಪುವುದಿಲ್ಲ.

31ರ ಸಂಜೆ ಬೋಸ್ಟನ್ ಸುತ್ತಮುತ್ತ ಐದೂವರೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಅದಕ್ಕೆ ಮುಂಚೆ ಗುರುತಿನ ನಾಲ್ಕೈದು ಮನೆಗಳಿಗೆ ಹೋಗಿ ಬಂದುಬಿಡುತ್ತೇವೆ. ಆಮೇಲೆ ಹೊರಬಾಗಿಲಿನ ದೀಪ ಹಾಕುತ್ತೇವೆ. ದೀಪ ಉರಿಯುತ್ತಿದ್ದರೆ ಬರಬಹುದು, ಆರಿದ್ದರೆ ಬಾಗಿಲು ತಟ್ಟಬಾರದು ಎಂಬುದು ಇಲ್ಲಿನ ಬೀದಿಗಳ ಅಲಿಖಿತ ನಿಯಮ. ಚಿಕ್ಕ ಮಕ್ಕಳಿಗೆ ಇಡೀ ಹಬ್ಬದಲ್ಲಿ ಒಪ್ಪುವ ಕೆಲಸ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು ಕೊಡುವುದು. ಬೇರೆಯವರ ಕತ್ತಲ ಜಗಲಿಯಲ್ಲಿ ಎದುರಾದರೆ ಕಿರುಚುವ ಅದೇ ಅಸ್ಥಿಪಂಜರ ತನ್ನ ಮನೆಯ ಬೆಳಕಿನಲ್ಲಿ ಕೈಚಾಚಿದಾಗ, ನಮ್ಮ ಮೂರು ವರ್ಷದವಳು "ಒಂದೇ ತೆಗೆದುಕೊಳ್ಳಬೇಕು" ಎಂದು ಅದನ್ನೇ ಗದರುತ್ತಾಳೆ.

ಸಿಹಿತಿಂಡಿಯ ಮಾತು ಬಾಕಿ. ಸಸ್ಯಾಹಾರಿಗಳು ಪೊಟ್ಟಣದ ಹಿಂಬದಿ ಓದಲೇಬೇಕು: ಮಾರ್ಷ್‌ಮ್ಯಾಲೋ, ಹೆಚ್ಚಿನ ಗಮ್ಮಿಗಳು, ಮುಗ್ಧವಾಗಿ ಕಾಣುವ ಕ್ಯಾಂಡಿ ಕಾರ್ನ್ ಇವುಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಗುಂಡನೆಯ ಗಟ್ಟಿ ಮಿಠಾಯಿ, ಇಡೀ ನೆಲಗಡಲೆ, ಪಾಪ್‌ಕಾರ್ನ್ ನಾಲ್ಕು ವರ್ಷದೊಳಗಿನವರ ಗಂಟಲಿಗೆ ಸಿಕ್ಕಿಕೊಳ್ಳುವಂಥವು, ಮೊದಲೇ ತೆಗೆದಿಡಿ. ಕೆಲವು ಮನೆಗಳೆದುರು ನೀಲಿ ಹಸಿರು ಬಣ್ಣದ ಕುಂಬಳಕಾಯಿ ಇರುತ್ತದೆ. ಅಲರ್ಜಿಯಿರುವ ಮಕ್ಕಳಿಗಾಗಿ ಅಲ್ಲಿ ತಿಂಡಿಯ ಬದಲು ಸ್ಟಿಕ್ಕರ್, ಪೆನ್ಸಿಲ್ ಸಿಗುತ್ತವೆ ಎಂದರ್ಥ. 2014ರಿಂದ ಈ ಪದ್ಧತಿ ದೇಶದಾದ್ಯಂತ ಹಬ್ಬಿದೆ. ನಾವೂ ಒಂದಕ್ಕೆ ಆ ಬಣ್ಣ ಬಳಿದು, ಸ್ಟಿಕ್ಕರ್‌ಗೆ ಬೇರೆಯೇ ಬುಟ್ಟಿ ಇಡುತ್ತೇವೆ. ತಂದ ಮಿಠಾಯಿಯಲ್ಲಿ ಮಕ್ಕಳು ತಮಗೆ ಬೇಕಾದ್ದನ್ನು ಆರಿಸಿಕೊಂಡ ಮೇಲೆ ಉಳಿದದ್ದು ಮರುದಿನ ಅಪ್ಪನ ಕಚೇರಿಗೆ ಹೋಗುತ್ತದೆ. ಅಲ್ಲಿ ಮಧ್ಯಾಹ್ನದೊಳಗೆ ಖಾಲಿಯಂತೆ.