ಮಳೆ ಹಿಡಿಯುವ ಮುನ್ನ ಒಂದು ಲೆಕ್ಕದ ದಿನ

ಕೊಡಗಿನಲ್ಲಿ ಪಿಂಚಣಿಯ ಜೊತೆಗೆ ನಾಲ್ಕೈದು ಎಕರೆ ಕಾಫಿ ಇರುವವರಿಗೆ ಹಣದ ವರ್ಷ ಶುರುವಾಗುವುದು ಏಪ್ರಿಲ್ ಮೊದಲ ವಾರ. ರೊಬಸ್ಟಾ ಕಾಫಿಯ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಚೆರಿ, ಅಂದರೆ ಕಾಫಿ ಹಣ್ಣು, ಮೂಟೆಯಾಗಿರುತ್ತದೆ. ಕರಿಮೆಣಸು ಮನೆ ಸೇರಿರುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮೂರು ತಿಂಗಳ ಬಡ್ಡಿ 1ನೇ ತಾರೀಖಿಗೆ ಖಾತೆಗೆ ಬಿದ್ದಿರುತ್ತದೆ. ಕೈ ತುಂಬಿರುವ ಈ ವಾರದಲ್ಲೇ ಒಂದು ದಿನ ಗಂಡ ಹೆಂಡತಿ ಇಬ್ಬರೂ ಕೂತು, ಮುಂದಿನ ಮಾರ್ಚ್‌ವರೆಗಿನ ದುಡ್ಡು ವಿಂಗಡಿಸಿಬಿಡಬೇಕು. ಜುಲೈ ಮಳೆಯಲ್ಲಿ ಕರೆಂಟೂ ಇಲ್ಲದೆ ಕೂತಾಗ ಮಾಡುವ ಲೆಕ್ಕ ಹೆದರಿಕೆಯ ಲೆಕ್ಕವಾಗುತ್ತದೆ.

ಬೆಳಿಗ್ಗೆ ತೋಟದ ಪಾಲು. ಹೋದ ವರ್ಷದ ಕೂಲಿ ಪುಸ್ತಕ ತೆರೆದು ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು), ಬೋರ್ಡೋ (ರೋಗ ತಡೆಯಲು ಮೈಲುತುತ್ತು, ಸುಣ್ಣದ ಸಿಂಪಡಣೆ), ಎರಡು ಮೂರು ಸಲದ ಗೊಬ್ಬರ, ಕಳೆ, ಕೊನೆಗೆ ಕೊಯ್ಲಿನ ಕೂಲಿ, ಹೀಗೆ ಒಂದೊಂದಕ್ಕೂ ಅಂಕಿ ಬರೆಯಿರಿ. ಮೊತ್ತದ ಮೇಲೆ ನೂರಕ್ಕೆ ಹತ್ತು ಸೇರಿಸಿ ಬೇರೆ ಖಾತೆಗೆ ಹಾಕಿ. ಎಲ್ಲಕ್ಕಿಂತ ದೊಡ್ಡ ಖರ್ಚು ಕೊಯ್ಲಿನದು, ಅದು ಬೇಕಾಗುವುದು ಡಿಸೆಂಬರ್‌ಗೆ. ಅಷ್ಟನ್ನು ನವೆಂಬರ್ ಕೊನೆಗೆ ಅವಧಿ ಮುಗಿಯುವ ಠೇವಣಿಯಲ್ಲಿಟ್ಟರೆ ನಡುವೆ ಕೈ ಹಾಕುವ ಆಸೆ ಇರುವುದಿಲ್ಲ. ಮನೆ ಖರ್ಚು ಮಾತ್ರ ಪಿಂಚಣಿ ಮತ್ತು ಬಡ್ಡಿಯೊಳಗೇ ನಡೆಯಬೇಕು. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿತು. ಆ ಬೆಲೆಯನ್ನು ಸಂಬಳದ ಹಾಗೆ ನಂಬಿ ಕಾರಿನ ಕಂತು ಕಟ್ಟಲು ಹೊರಟರೆ, ಬೆಲೆ ಇಳಿದ ವರ್ಷ ಮೊದಲು ನಿಲ್ಲುವುದು ಗೊಬ್ಬರ, ಆಮೇಲೆ ಫಸಲು.

ಗ್ರಾಚುಯಿಟಿ, ಪಿಎಫ್‌ನ ಇಡುಗಂಟು ತೋಟಕ್ಕೆ ಇಳಿಯಬಾರದು. ಇದರಲ್ಲಿ ರಾಜಿ ಬೇಡ. ಹೊಸ ರೊಬಸ್ಟಾ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಹೋಂಸ್ಟೇ ಕಟ್ಟಿದರೆ ಅದನ್ನು ನೋಡಿಕೊಳ್ಳುವ ಗಟ್ಟಿ ಕೈ ಬೇಕು. 60 ತುಂಬಿದವರು ಹಿರಿಯ ನಾಗರಿಕರ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ದರ ಶೇ 8.2ಕ್ಕೆ ಏರಿತು. ಆ ದರದಲ್ಲಿ 10 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಸಿಗುತ್ತದೆ. ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಬಡ್ಡಿ ಎತ್ತದೆ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ, ಆದ್ದರಿಂದ ಉಳಿತಾಯ ಖಾತೆಗೆ ತಾನಾಗಿ ಹೋಗುವಂತೆ ಬರೆದುಕೊಡಿ. ವರ್ಷದೊಳಗೆ ಖಾತೆ ಮುಚ್ಚಿದರೆ ಕೊಟ್ಟ ಬಡ್ಡಿಯನ್ನೂ ಅಸಲಿನಿಂದ ಹಿಡಿಯುತ್ತಾರೆ. ಹಾಗಾಗಿ ಆಸ್ಪತ್ರೆಗೆಂದು ಆರು ತಿಂಗಳ ಖರ್ಚಿನಷ್ಟು ಹಣ ಹೊರಗೇ ಇರಲಿ. ನಲವತ್ತಕ್ಕೇ ಸೇನೆಯಿಂದ ಮರಳುವ ನಮ್ಮೂರಿನ ಸೈನಿಕರಿಗೆ ಈ ಬಾಗಿಲು ಷರತ್ತಿನ ಮೇಲೆ ತೆರೆಯುವುದು 50ಕ್ಕೆ. ಮಕ್ಕಳ ಓದು ಇನ್ನೂ ಮುಂದಿರುವುದರಿಂದ ಅವರು ಇಡುಗಂಟನ್ನು ಎರಡು ಮೂರು ಅವಧಿಗಳಿಗೆ ಹಂಚಿಡುವುದೇ ಸರಿ.

ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಊರಿನ ಪ್ರಾಥಮಿಕ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಸಂಘದ ಮೇಲೆ ಎಷ್ಟೇ ಅಭಿಮಾನವಿದ್ದರೂ ಇದು ತಿಳಿದಿರಲಿ.

ಮಧ್ಯಾಹ್ನ ಕಾಗದಗಳ ಕೆಲಸ. ಪ್ರತಿ ಖಾತೆಗೂ ನಾಮಿನಿ ಇದೆಯೇ, ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದಂತೆಯೇ ಇವೆಯೇ ನೋಡಿ. ಒಂದಕ್ಷರ ತಪ್ಪಿದ್ದರೂ ಕುಟುಂಬ ಪಿಂಚಣಿಯ ಸಮಯದಲ್ಲಿ ಅವರೇ ಅಲೆಯಬೇಕಾಗುತ್ತದೆ. ನಮ್ಮ ಮಳೆಗೆ ಕಾಗದ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡಿ, ನಕಲು ಮಕ್ಕಳ ಹತ್ತಿರ ಇರಲಿ.

ದುಡ್ಡು ಸರಿಹೋದರೂ ಮಳೆಗಾಲದ ನಾಲ್ಕು ತಿಂಗಳು ಮನಸ್ಸಿಗೆ ಭಾರ, ಮಡಿಕೇರಿ ಕಡೆಗೆ ಹೊಸದಾಗಿ ಬಂದು ನೆಲೆಸಿದವರಿಗಂತೂ ಹೆಚ್ಚು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಳೆ ಅಳೆದು ಇಂಚು, ಇಂಚಿನ ನೂರನೇ ಒಂದು ಭಾಗವಾದ ಸೆಂಟ್ಸ್‌ನಲ್ಲಿ ಬರೆದಿಡುವುದು ಇಲ್ಲಿನ ತೋಟದವರ ಹಳೆಯ ರೂಢಿ, ಅದನ್ನು ಹಿಡಿಯಿರಿ. ನಾಲ್ಕು ವರ್ಷದ ಪುಸ್ತಕ ಕೈಲಿದ್ದರೆ ಬೋರ್ಡೋ ಯಾವಾಗ, ಗೊಬ್ಬರ ಯಾವಾಗ ಎಂದು ತೋಟದವರೇ ನಿಮ್ಮನ್ನು ಕೇಳಿಕೊಂಡು ಬರುತ್ತಾರೆ.

ಇನ್ನೊಂದು ಕೆಲಸವಂತೂ ಪ್ರತಿ ಊರಿಗೂ ಬೇಕಾಗಿದೆ. ನವೆಂಬರ್‌ನ ಜೀವನ ಪ್ರಮಾಣ ಪತ್ರವನ್ನು, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಎಂಬುದಕ್ಕೆ ವರ್ಷಕ್ಕೊಮ್ಮೆ ಕೊಡುವ ಪುರಾವೆಯನ್ನು, ಈಗ ಫೋನಿನಲ್ಲಿ ಮುಖ ತೋರಿಸಿಯೇ ಕೊಡಬಹುದು. ದುಡಿದು ಬೆರಳ ಗೆರೆ ಸವೆದವರಿಗೆ ಇದು ಸುಲಭದ ದಾರಿ. ಬೇಕಾದದ್ದು ಎರಡು ಆ್ಯಪ್ (ಜೀವನ್ ಪ್ರಮಾಣ್, ಆಧಾರ್ ಫೇಸ್ ಆರ್‌ಡಿ), ಆಧಾರ್, ಪಿಂಚಣಿ ಆದೇಶದ ಸಂಖ್ಯೆ, ಪಿಂಚಣಿ ಬರುವ ಖಾತೆಯ ಸಂಖ್ಯೆ, ಮುಖದ ಮೇಲೆ ಬೆಳಕು. ಪಿಂಚಣಿ ಕೊಡುವ ಸಂಸ್ಥೆಯನ್ನು ತಪ್ಪಾಗಿ ಆರಿಸಿದರೆ ಅರ್ಜಿ ತಿರಸ್ಕೃತವಾಗುತ್ತದೆ, ಹೆಚ್ಚಿನವರು ಎಡವುವುದು ಅಲ್ಲೇ. ಲೆಕ್ಕಪತ್ರ ಬಲ್ಲ ನಿವೃತ್ತರೊಬ್ಬರು ಏಪ್ರಿಲ್‌ನ ಈ ದಿನವೇ ಅಕ್ಕಪಕ್ಕದ ಪಿಂಚಣಿದಾರರ ಪಟ್ಟಿ ಮಾಡಿಟ್ಟುಕೊಳ್ಳಬಹುದು. 80 ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಅಕ್ಟೋಬರ್‌ನಲ್ಲೇ ಅವಕಾಶ ಇರುವುದರಿಂದ ಅವರ ಹೆಸರು ಮೇಲಿರಲಿ.